ಕರೆಂಟ್ ಸಾಹೇಬರ ಇಂಜಿನ್ನು

ನೀರಿನ ಬಿಲ್ಲಿನ ಕಚೇರಿಯ ಹೆಡ್ ಕ್ಲರ್ಕಿಗೆ ಎರಡು ಹೆಸರು. ಕಡತದಲ್ಲಿರುವುದು ಒಂದು, ಅದು ನಮಗೆ ಬೇಡ. ಎಲ್ಲರ ಬಾಯಲ್ಲಿರುವುದು ಇನ್ನೊಂದು, ಕರೆಂಟ್ ಸಾಹೇಬರು. ಈ ಬಿರುದು ಅವರಿಗೆ ಬಂದದ್ದು ಒಂದು ಸಣ್ಣ ಪೆಟ್ರೋಲ್ ಇಂಜಿನ್ನಿನಿಂದ. ವರ್ಷಕ್ಕೊಮ್ಮೆ ಕಚೇರಿಯ ನಾಲ್ವರು ಗಂಡಸರು ಗುಡ್ಡದ ಬುಡದ ಕೆರೆಯ ದಂಡೆಗೆ ಹೋಗಿ ಮೂರು ದಿನ ಟೆಂಟ್ ಹಾಕಿಕೊಂಡು ಇರುತ್ತಾರೆ. ಅಲ್ಲಿ ಕರೆಂಟಿಲ್ಲ. ಸಾಹೇಬರು ಇಂಜಿನ್ನಿನ ಹಗ್ಗ ಎಳೆಯುತ್ತಾರೆ, ಅದು ಬಡಬಡ ಎಂದು ಎದ್ದು ಬ್ಯಾಟರಿಗೆ ಚಾರ್ಜ್ ತುಂಬುತ್ತದೆ, ಆ ಬ್ಯಾಟರಿಯಿಂದ ಟೆಂಟುಗಳಿಗೆಲ್ಲ ದೀಪ, ನಾಲ್ಕು ಫೋನಿಗೂ ಜೀವ. ಉಳಿದ ಮೂವರು, ಅಂದರೆ ಮ್ಯಾನೇಜರ್, ಸ್ಟೋರ್ ಕೀಪರ್ ಮತ್ತು ಟೈಪಿಸ್ಟ್, ಸಾಹೇಬರನ್ನು ಹೊಗಳಿ ಅಟ್ಟಕ್ಕೇರಿಸುತ್ತಾರೆ. ಸಾಹೇಬರು ಏಣಿ ಕೇಳದೆ ಮೂರು ದಿನವೂ ಅಲ್ಲೇ ಕೂತಿರುತ್ತಾರೆ.

ಆ ಇಂಜಿನ್ನನ್ನು ಜೋಡಿಸಿದವಳು ಅವರ ಹೆಂಡತಿ. ಎಂಟು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವಳೂ ಅವಳೇ. ಇದು ಅವಳ ಕತೆ. ಸಾಹೇಬರನ್ನು ಮೊದಲು ಕರೆತಂದದ್ದೇಕೆ ಎಂದರೆ, ಎಲ್ಲಿಗೇ ಹೋದರೂ ಅವರು ಮುಂದೆ ನಿಂತಿರುತ್ತಾರೆ. ಅವರನ್ನು ದಾಟದೆ ಅವಳನ್ನು ನೋಡುವುದು ಯಾರಿಗೂ ಸಾಧ್ಯವಾಗಿಲ್ಲ.

ಅವಳು ಸಮವಸ್ತ್ರ ಹೊಲಿಯುವ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮಿಷನ್ ಮೆಕ್ಯಾನಿಕ್. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇರಿದ್ದು ದಾರದ ತುದಿ ಕತ್ತರಿಸುವ ಕೆಲಸಕ್ಕೆ. ಸಾಲಿನಲ್ಲಿ ಒಂದು ಮಿಷನ್ ಕೆಟ್ಟು ನಿಂತರೆ ಹಿಂದಿನ ಹನ್ನೆರಡು ಮಿಷನ್ನಿನವರು ಕೈಕಟ್ಟಿ ಕೂರಬೇಕು, ಮೆಕ್ಯಾನಿಕ್ ಎಂಬ ಪುಣ್ಯಾತ್ಮ ಆ ಹೊತ್ತಿಗೆ ಸರಿಯಾಗಿ ಟೀ ಕುಡಿಯಲು ಹೋಗಿರಬೇಕು. ಇದು ಅಲ್ಲಿ ನಡೆದುಕೊಂಡು ಬಂದ ಪದ್ಧತಿ. ಅವನ ಟೀ ಮುಗಿಯುವಷ್ಟರಲ್ಲಿ ಇವಳು ಸೂಜಿ ಕೂರಿಸುವ ಕಂಬಿಯನ್ನು ಎತ್ತಿ ಇಳಿಸಿ, ಬಾಬಿನ್ ಕೆಳಗೆ ಸಿಕ್ಕಿಕೊಂಡ ದಾರವನ್ನು ತಲೆಯ ಪಿನ್ನಿನಿಂದ ಕಿತ್ತು, ಮಿಷನ್ ಓಡಿಸಿರುತ್ತಿದ್ದಳು. ಒಂದು ವರ್ಷದ ಮೇಲೆ ಆ ಪುಣ್ಯಾತ್ಮ ಟೀ ಅಂಗಡಿಯಲ್ಲೇ ಖಾಯಮ್ಮಾದ, ಇವಳ ಕೈಗೆ ಸ್ಪ್ಯಾನರ್ ಬಂತು. ಈಗ ನಲವತ್ತು ಮಿಷನ್ ಒಟ್ಟಿಗೆ ಓಡುತ್ತಿರುವಾಗ ನಡುವೆ ನಡೆದುಹೋಗುತ್ತ, "ಆ ಮೂರನೇದು ಇನ್ನರ್ಧ ಗಂಟೆಗೆ ದಾರ ಕಡಿಯುತ್ತೆ, ನೋಡ್ಕೋ" ಎನ್ನುತ್ತಾಳೆ. ಅದು ಕಡಿಯುತ್ತದೆ. ಅಲ್ಲಿ ಎಲ್ಲರೂ ಅವಳನ್ನು ಮೆಕ್ಯಾನಿಕ್ ಅಕ್ಕ ಎಂದು ಕರೆಯುತ್ತಾರೆ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ.

ಮನೆಯಲ್ಲಿ ಅವಳ ಹೆಸರು "ಏ, ಕೇಳ್ತಾ?"

ಇಂಜಿನ್ನಿನ ಹುಟ್ಟು ಒಂದು ಬಡಾಯಿಯಿಂದ ಆಯಿತು. ಮೊದಲನೇ ವರ್ಷ ಕೆರೆ ದಂಡೆಗೆ ಹೋದಾಗ ಮೊದಲ ದಿನವೇ ಎಲ್ಲರ ಫೋನೂ ಸತ್ತು, ಟಾರ್ಚೂ ಮಂಕಾಗಿ, ಗಂಡಸರು ಏಳು ಗಂಟೆಗೇ ಉಂಡು ಕಪ್ಪೆಗಳ ಸದ್ದು ಕೇಳುತ್ತ ಮಲಗಬೇಕಾಯಿತು. ಆಗ ನಮ್ಮ ಸಾಹೇಬರು ಎದೆ ಸೆಟೆಸಿ, ಮುಂದಿನ ವರ್ಷ ಕರೆಂಟನ್ನೇ ಹೊತ್ತು ತರುತ್ತೇನೆ, ನೋಡ್ತಿರಿ, ಎಂದುಬಿಟ್ಟರು. ಮನೆಗೆ ಬಂದವರು ಬಡಾಯಿಯನ್ನು ಹೆಂಡತಿಯ ಮಡಿಲಿಗೆ ಹಾಕಿ ಕೈ ತೊಳೆದುಕೊಂಡರು.

ಅವಳಿಗೆ ಇದು ಹೊರೆ ಅನ್ನಿಸಲಿಲ್ಲ. ಹಾಗೆಂದು ಅವಳೂ ಯಾರ ಹತ್ತಿರವೂ ಹೇಳಲಿಲ್ಲ. ಕಾರ್ಖಾನೆಯ ತೋಟದವನು ಎಸೆದಿದ್ದ ಔಷಧಿ ಹೊಡೆಯುವ ಪಂಪಿನಿಂದ ಪುಟ್ಟ ಇಂಜಿನ್ನು ಬಿಚ್ಚಿಕೊಂಡಳು. ಗ್ಯಾರೇಜಿನ ಗುಜರಿ ರಾಶಿಯಲ್ಲಿ ಹಳೆಯ ಕಾರಿನ ಆಲ್ಟರ್ನೇಟರ್ ಸಿಕ್ಕಿತು, ಕಾರು ಓಡುವಾಗ ಅದರ ಬ್ಯಾಟರಿಗೆ ಕರೆಂಟ್ ಹುಟ್ಟಿಸುವ ಉಂಡೆ ಅದು. ಎರಡನ್ನೂ ಹೊಲಿಗೆ ಮಿಷನ್ನಿನ ಹಳೇ ಮೇಜಿನ ಹಲಗೆಯ ಮೇಲೆ ಬೋಲ್ಟ್ ಹಾಕಿ ಕೂರಿಸಿ, ನಡುವೆ ಬೆಲ್ಟ್ ಹಾಕಿದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯ ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ನಾಲ್ಕು ತಿಂಗಳ ಭಾನುವಾರಗಳು ಇದಕ್ಕೆ ಹೋದವು. ಕೊನೆಗೊಂದು ದಿನ ಹಗ್ಗ ಎಳೆದಾಗ ಅದು ಕೆಮ್ಮಿ, ಉಗುಳಿ, ಬಡಬಡ ಎಂದು ಓಡತೊಡಗಿತು. ಬ್ಯಾಟರಿಗೆ ಸಿಕ್ಕಿಸಿದ ಬಲ್ಬು ಹೊತ್ತಿತು. ಮದುವೆಯಾದ ಮೇಲೆ ಅಷ್ಟು ಖುಷಿ ತನಗೆ ಎಂದೂ ಆಗಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಒಳಗೆ ಪೇಪರ್ ಓದುತ್ತಿದ್ದ ಸಾಹೇಬರು, "ಸ್ವಲ್ಪ ಸದ್ದು ಜಾಸ್ತಿಯಾಯ್ತಲ್ಲ?" ಎಂದರು.

ಮೂರು ದಿನದ ಪ್ರವಾಸಕ್ಕೆ ವರ್ಷವಿಡೀ ಆರೈಕೆ. ತಿಂಗಳ ಮೊದಲ ಭಾನುವಾರ ಹತ್ತು ನಿಮಿಷ ಓಡಿಸಲೇಬೇಕು, ಇಲ್ಲದಿದ್ದರೆ ಇಂಜಿನ್ನು ಮುನಿಸಿಕೊಳ್ಳುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಅವಳು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆಯುತ್ತಾಳೆ. ಓಡಿಸಿದ ಮೇಲೆ ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ, ಒಳಗೆ ಉಳಿದದ್ದನ್ನೆಲ್ಲ ಅದೇ ಕುಡಿದು ತಾನಾಗಿ ನಿಲ್ಲುವವರೆಗೆ ಕಾಯುತ್ತಾಳೆ, ಏಕೆಂದರೆ ಒಳಗೇ ನಿಂತ ಪೆಟ್ರೋಲ್ ತಿಂಗಳೊಪ್ಪತ್ತಿನಲ್ಲಿ ಗೋಂದಿನಂತೆ ಅಂಟಾಗಿ ಸಣ್ಣ ದಾರಿಗಳನ್ನೆಲ್ಲ ಕಟ್ಟಿಹಾಕುತ್ತದೆ. ಪ್ಲಗ್ಗು ಬಿಚ್ಚಿ ತಂತಿ ಬ್ರಷ್ಷಿನಿಂದ ಕರಿ ತೆಗೆಯುವುದು, ಗಾಳಿ ಸೋಸುವ ಸ್ಪಂಜನ್ನು ಸೋಪಿನ ನೀರಲ್ಲಿ ಹಿಂಡಿ ಒಣಗಿಸುವುದು, ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಅರ್ಧ ಇಂಚಿಗಿಂತ ಹೆಚ್ಚು ಬಗ್ಗದಂತೆ ಬಿಗಿ ಮಾಡುವುದು. ಬ್ಯಾಟರಿಯ ತುದಿಗಳಲ್ಲಿ ಕಟ್ಟುವ ಬಿಳಿ ಪುಡಿಯನ್ನು ಬಿಸಿನೀರು, ಸೋಡಾ ಪುಡಿ ಹಾಕಿ ತಿಕ್ಕಿ, ಗ್ರೀಸ್ ಸವರುವುದು. ಇಷ್ಟೆಲ್ಲ ಮಾಡುವಾಗ ಸಾಹೇಬರ ಪಾಲಿನ ಕೆಲಸವೂ ಒಂದಿತ್ತು. ಕೆಳಗಿನ ಮಹಡಿಯವರು ಸದ್ದಿನ ಬಗ್ಗೆ ತಕರಾರು ತೆಗೆದರೆ, "ಸ್ವಲ್ಪ ನನ್ನ ಇಂಜಿನ್ ಸರ್ವೀಸ್ ನಡೀತಿದೆ" ಎಂದು ಮೆಟ್ಟಿಲ ಬಳಿ ನಿಂತು ಹೇಳುವುದು.

ಕೆರೆ ದಂಡೆಯಲ್ಲಿ ಅದು ಮೊಂಡು ಮಾಡಿದ ದಿನಗಳೂ ಇದ್ದವು. ಆಗ ಸಾಹೇಬರು ಗಂಭೀರವಾಗಿ ತಲೆದೂಗಿ, ಒಂದು ಕೆಲಸ ನೆನಪಾಯಿತು ಎಂದು ಬಂಡೆಯ ಹಿಂದೆ ಹೋಗಿ ಹೆಂಡತಿಗೆ ಫೋನ್ ಮಾಡುತ್ತಿದ್ದರು. ಎಳೆದರೂ ಏಳ್ತಿಲ್ಲ, ಪೆಟ್ರೋಲ್ ವಾಸನೆ ಬರ್ತಿದೆ, ಈಗೇನು, ಎಂದು ಪಿಸುಗುಡುತ್ತಿದ್ದರು. ಅವಳು ಕಾರ್ಖಾನೆಯ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು, ಚೋಕ್ ಎಳೆದೇ ಬಿಟ್ಟಿರಬೇಕು, ತಳ್ಳಿ, ಪ್ಲಗ್ ಬಿಚ್ಚಿ ಒರೆಸಿ, ಆಮೇಲೆ ಎಳೀರಿ, ಎನ್ನುತ್ತಿದ್ದಳು. ಸಾಹೇಬರು ಹಿಂತಿರುಗಿ ಬಂದು, ಇಂಜಿನ್ನಿನ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ ಯೋಚಿಸಿದಂತೆ ಮಾಡಿ, ಪ್ಲಗ್ ಬಿಚ್ಚಿ ಒರೆಸುತ್ತಿದ್ದರು. ಕಣ್ಣು ಮುಚ್ಚುವ ಉಪಾಯ ಮಾತ್ರ ಅವರ ಸ್ವಂತದ್ದು.

ಇದನ್ನೆಲ್ಲ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು, ಒಂದು ಫೋಟೋ ನೋಡುವವರೆಗೆ. ಹೋದ ವರ್ಷ ಗಂಡ ಊಟದ ಡಬ್ಬಿ ಮರೆತು ಹೋಗಿದ್ದರು. ಅದನ್ನು ಕೊಡಲು ಕಚೇರಿಗೆ ಹೋದಾಗ ನೋಟೀಸ್ ಬೋರ್ಡಿನಲ್ಲಿ ಅದು ಕಂಡಿತು. ಕೆರೆ, ಟೆಂಟು, ನಾಲ್ವರು ಗಂಡಸರು. ನಡುವೆ ಅವಳ ಹಲಗೆ, ಅದರ ಮೇಲೆ ಅವಳ ಇಂಜಿನ್ನು, ಇಂಜಿನ್ನಿನ ಮೇಲೆ ಗಂಡನ ಕೈ. ಕೆಳಗೆ ಯಾರೋ ಚಂದದ ಅಕ್ಷರದಲ್ಲಿ ಬರೆದಿದ್ದರು: ತಾವೇ ತಯಾರಿಸಿದ ಯಂತ್ರದೊಂದಿಗೆ ನಮ್ಮ ಕರೆಂಟ್ ಸಾಹೇಬರು. ಅವಳು ಆ ಅಕ್ಷರಗಳನ್ನು ಎರಡು ಸಲ ಓದಿದಳು. ಡಬ್ಬಿಯನ್ನು ಪ್ಯೂನನ ಮೇಜಿನ ಮೇಲಿಟ್ಟು, ಬಸ್ಸು ಹತ್ತಿದಳು.

ಅವತ್ತಿನಿಂದ ಅವಳಿಗೆ ಒಂದೇ ಆಸೆ ಹತ್ತಿತು. ಒಡವೆಯಲ್ಲ, ಬಟ್ಟೆಯಲ್ಲ. ಆ ಮೂವರ ಎದುರಿಗೆ ಗಂಡ ಒಂದು ಮಾತು ಹೇಳಬೇಕು: ಇದನ್ನು ಮಾಡಿದ್ದು ಇವಳು. ಅಷ್ಟೇ. ಬೇರೆ ಯಾರಾದರೂ ಹೇಳಿದರೆ ಸಾಲದು, ತಾನೇ ಹೇಳಿಕೊಳ್ಳುವುದಂತೂ ಬೇಡವೇ ಬೇಡ. ಕದ್ದವರ ಬಾಯಿಂದಲೇ ಬರಬೇಕು.

ಈ ವರ್ಷ ಅದಕ್ಕೆ ದಾರಿ ತೆರೆಯಿತು. ನೀವು ಗಂಡಸರು ಮೂರು ದಿನ ಅಲ್ಲಿ ಏನು ಕಡಿದು ಕಟ್ಟೆ ಹಾಕುತ್ತೀರಿ ನೋಡೇಬಿಡೋಣ ಎಂದು ಮ್ಯಾನೇಜರ ಹೆಂಡತಿ ಹಠ ಹಿಡಿದಳು. ಆದ್ದರಿಂದ ನಾಲ್ಕು ಜೋಡಿಯೂ ಹೋಗುವುದು ಎಂದಾಯಿತು. ಸಾಹೇಬರಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹೆಂಡತಿಯನ್ನು ಬಾಲ್ಕನಿಗೆ ಕರೆದರು.

"ಅಲ್ಲಿ ನೀನು ಇದರ ಹತ್ತಿರ ಸುಳೀಬೇಡ. ನಾಲ್ಕು ಜನ ಏನಂದ್ಕೋತಾರೆ?"

"ಸುಳಿಯಲ್ಲ. ಆದ್ರೆ ಅಲ್ಲಿ ಎಲ್ಲರ ಎದುರಿಗೆ, ಇದನ್ನ ಮಾಡಿದ್ದು ಇವಳು ಅಂತ ಒಂದ್ಸಲ ಹೇಳಿ. ಒಂದೇ ಒಂದ್ಸಲ."

"ಅದಕ್ಕೇನಂತೆ, ಹೇಳಿದ್ರಾಯ್ತು," ಎಂದರು ಸಾಹೇಬರು. ಬಿಲ್ಲು ಸರಿಮಾಡಿಕೊಡಿ ಎಂದು ಬಂದವರಿಗೆ ನಾಳೆ ಬನ್ನಿ ಎನ್ನುವಾಗಲೂ ಅವರ ದನಿ ಹೀಗೇ ಮೆತ್ತಗಿರುತ್ತದೆ.

ಹೆಂಡತಿ ಕೈ ಹಾಕುವುದಿಲ್ಲವೆಂದ ಮೇಲೆ ತಾವೇ ಏನಾದರೂ ಮಾಡಬೇಕಲ್ಲ. ಹೊರಡುವ ಹಿಂದಿನ ದಿನ ಅವಳು ಕಾರ್ಖಾನೆಗೆ ಹೋಗಿದ್ದಾಗ ಸಾಹೇಬರು ಎಂಟು ವರ್ಷದಲ್ಲಿ ಮೊದಲ ಬಾರಿಗೆ ಇಂಜಿನ್ನಿನ ಆರೈಕೆಗೆ ಕೂತರು. ಅಂದರೆ ಅದಕ್ಕೆ ಬಣ್ಣ ಬಳಿದರು. ಕೆಂಪು ಬಣ್ಣ, ಎರಡೆರಡು ಸಲ. ಟ್ಯಾಂಕು, ಮುಚ್ಚಳ, ಹಿಡಿಕೆ, ಯಾವುದನ್ನೂ ಬಿಡಲಿಲ್ಲ. ಅದು ಒಣಗಿದ ಮೇಲೆ ಟ್ಯಾಂಕಿನ ಪಕ್ಕದಲ್ಲಿ ಬಿಳಿಯಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಬರೆದರು. ಸಂಜೆ ಅವಳು ಬಂದು ನೋಡಿದಳು. ಹೇಗಿದೆ ಎಂದು ಕೇಳಿದ್ದಕ್ಕೆ, ಕೆಂಪಗಿದೆ ಎಂದಳು.

ಬಾಡಿಗೆ ವ್ಯಾನು ಬಂತು. ಡ್ರೈವರ್ ಹೊಸಬ, ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಹಲಗೆಯನ್ನು ಹಿಂದೆ ಹತ್ತಿಸುವಾಗ ಅವನು ಬೆಲ್ಟನ್ನು ಹೆಬ್ಬೆರಳಲ್ಲಿ ಒಮ್ಮೆ ಒತ್ತಿ ನೋಡಿದ. ಇದನ್ನು ಅವಳು ಗಮನಿಸಿದಳು.

ಕೆರೆ ದಂಡೆಗೆ ತಲುಪಿದ್ದು ಮಧ್ಯಾಹ್ನ. ಟೆಂಟುಗಳು ಎದ್ದ ಮೇಲೆ ಸಾಹೇಬರು ತೋಳು ಮಡಚಿ ಇಂಜಿನ್ನಿನ ಮುಂದೆ ನಿಂತರು. ಹೆಂಗಸರು ಹತ್ತು ಹೆಜ್ಜೆ ಆಚೆ ಚಾಪೆ ಹಾಸಿ ತರಕಾರಿ ಹೆಚ್ಚುತ್ತಿದ್ದರು. ಎರಡನೇ ಎಳೆತಕ್ಕೇ ಇಂಜಿನ್ನು ಎದ್ದಿತು. ಚಪ್ಪಾಳೆ ಬಿತ್ತು. ಮ್ಯಾನೇಜರ ಹೆಂಡತಿ, "ನಿಮ್ಮನೆಯವರ ತಲೆಯೇ ತಲೆ ಬಿಡಿ" ಎಂದಳು. ಇವಳು ತನ್ನ ಗಂಡನ ಕಡೆ ನೋಡಿದಳು. ಹೇಳುವುದಿದ್ದರೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಸಾಹೇಬರು ಚಪ್ಪಾಳೆಯನ್ನು ಸವಿಯುತ್ತಿದ್ದರು. ಅಷ್ಟರಲ್ಲಿ ಇಂಜಿನ್ನು ಇದ್ದಕ್ಕಿದ್ದಂತೆ ದನಿ ಏರಿಸಿ ಕಿರುಚಿ, ತಟ್ಟನೆ ನಿಂತುಹೋಯಿತು.

ಸಾಹೇಬರು ಮುಚ್ಚಳ ತೆರೆದು ನೋಡಿದರು. ಪೆಟ್ರೋಲ್ ತುಂಬಾ ಇತ್ತು. ಮುಚ್ಚಳ ಬಿಗಿಯಾಗಿ ತಿರುಗಿಸಿ ಹಗ್ಗ ಎಳೆದರು. ಎದ್ದಿತು. ಆರು ನಿಮಿಷ ಓಡಿ, ಮತ್ತೆ ಕಿರುಚಿ, ಮತ್ತೆ ನಿಂತಿತು. ಮತ್ತೆ ತೆರೆದರು, ಮುಚ್ಚಿದರು, ಎಳೆದರು.

ಎರಡನೇ ಸಲ ನಿಂತಾಗಲೇ ಅವಳಿಗೆ ರೋಗ ತಿಳಿಯಿತು. ಆ ಮುಚ್ಚಳದ ನೆತ್ತಿಯಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತಿದೆ. ಪೆಟ್ರೋಲ್ ಕೆಳಗಿಳಿದಷ್ಟೂ ಆ ತೂತಿನಿಂದ ಗಾಳಿ ಒಳಗೆ ಬರಬೇಕು. ಗಾಳಿ ಬರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ, ಇಂಜಿನ್ನು ತುಂಬಿದ ಟ್ಯಾಂಕಿನ ಕೆಳಗೆ ಉಪವಾಸ ಸಾಯುತ್ತದೆ. ಮುಚ್ಚಳ ತೆರೆದಾಗ ಒಂದು ಗುಟುಕು ಗಾಳಿ ಹೋಗುತ್ತದೆ, ಆರು ನಿಮಿಷಕ್ಕೆ ಸಾಕಾಗುತ್ತದೆ. ಆ ತೂತಿನ ಮೇಲೆ ಈಗ ಎರಡು ಸಲ ಬಳಿದ ಕೆಂಪು ಬಣ್ಣ ಕೂತಿತ್ತು.

ಒಂದು ಲೋಟ ನೀರು ಹಿಡಿದುಕೊಂಡು ಅವಳು ಗಂಡನ ಹತ್ತಿರ ಹೋದಳು. ಲೋಟ ಕೊಡುತ್ತ, ಯಾರಿಗೂ ಕೇಳದಂತೆ, "ಮುಚ್ಚಳದ ತೂತು" ಎಂದಳು.

"ಆ ಕಡೆ ಹೋಗು," ಎಂದರು ಸಾಹೇಬರು ಹಲ್ಲು ಕಚ್ಚಿ. ನೀರು ಮಾತ್ರ ಕುಡಿದರು.

ಅವಳು ಹೋಗಿ ಚಾಪೆಯ ಮೇಲೆ ಕೂತಳು. ಪಿತ್ತ ನೆತ್ತಿಗೇರಿತ್ತು, ಕೈ ಮಾತ್ರ ಹುರುಳಿಕಾಯಿಯನ್ನು ಒಂದೇ ಅಳತೆಗೆ ಹೆಚ್ಚುತ್ತಿತ್ತು. ಒಂದು ಗಂಟೆ ಕಳೆಯಿತು. ನೀರಿನ ಕಚೇರಿಯವರ ಮೇಲೆ ಕರೆಂಟಿಗೆ ಮುನಿಸು ಅಂತ ಕಾಣುತ್ತೆ ಎಂದು ಮ್ಯಾನೇಜರ್ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಸಾಹೇಬರ ಮುಖ ಹುಳ್ಳಗಾಯಿತು. ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅವರನ್ನು ಕಾಪಾಡಿದ ಬುದ್ಧಿ ಆಗ ಮತ್ತೆ ಕೆಲಸ ಮಾಡಿತು: ಕಡತ ತನ್ನಿಂದ ಬಗೆಹರಿಯದಿದ್ದರೆ ಕಡತವನ್ನೇ ಮುಚ್ಚಿಬಿಡುವುದು.

"ಇದರ ಆಯಸ್ಸು ಮುಗೀತು ಸಾರ್," ಎಂದರು ಕೈ ಒರೆಸಿಕೊಳ್ಳುತ್ತ. "ಪಿಸ್ಟನ್ ಹೋಗಿದೆ, ರಿಂಗ್ ಹೋಗಿದೆ. ಎಂಟು ವರ್ಷ ದುಡಿಸಿದೀನಿ, ಇನ್ನೆಷ್ಟು?" ಆಮೇಲೆ ವ್ಯಾನಿಗೆ ಒರಗಿ ನಿಂತಿದ್ದ ಡ್ರೈವರಿನ ಕಡೆ ತಿರುಗಿ, ಕೊಡುಗೈ ದೊರೆಯಂತೆ, "ತಗೊಳ್ಳಪ್ಪ, ಇದು ನಿಂದೇ. ಗುಜರಿಗೆ ಹಾಕು, ಏನಾದ್ರೂ ಮಾಡ್ಕೋ" ಎಂದರು.

ಚಾಕು ಕೈಯಲ್ಲೇ ನಿಂತಿತು. ಗಂಡ ಅವಳನ್ನು ಕೇಳಬಹುದಿತ್ತು. ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು. ಏ, ಕೇಳ್ತಾ, ಇದಕ್ಕೇನಾಯ್ತು ನೋಡು ಎಂದಿದ್ದರೆ ಒಂದೇ ನಿಮಿಷದ ಕೆಲಸ. ಅವಳನ್ನು ಕೇಳುವುದಕ್ಕಿಂತ ಇಂಜಿನ್ನನ್ನು ಸಾಯಿಸುವುದು ಅವರಿಗೆ ಸುಲಭವಾಯಿತು. ಅವಳ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಇನ್ನೂ ಹೆಚ್ಚಿರಲಿಲ್ಲವಾದ್ದರಿಂದ ಅದರ ಮೇಲೆ ಹಾಕುವಂತೆಯೂ ಇರಲಿಲ್ಲ. ಆ ಸಂಜೆ ವ್ಯಾನಿನ ದೀಪದಲ್ಲಿ ಎಲ್ಲರೂ ಉಂಡರು.

ಮರುದಿನ ಬೆಳಿಗ್ಗೆ ಗಂಡಸರು ಕೆರೆ ಸುತ್ತಲು ಹೊರಟರು, ಹೆಂಗಸರೂ ಅವರ ಹಿಂದೆ ಹೋದರು. ಅವಳು ತಲೆನೋವು ಎಂದು ಉಳಿದುಕೊಂಡಳು. ಡ್ರೈವರ್ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ಲಗ್ಗು ಬಿಚ್ಚುತ್ತಿದ್ದ. ತನ್ನ ತಂಗಿ ಹೆದ್ದಾರಿ ಬದಿಯಲ್ಲಿ ಟೀ ಅಂಗಡಿ ಇಟ್ಟಿದ್ದಾಳೆ, ಅಲ್ಲಿಗೆ ಇನ್ನೂ ಕರೆಂಟ್ ಎಳೆದಿಲ್ಲ, ಇದು ಎದ್ದರೆ ಅವಳಿಗೊಂದು ದೀಪವಾಗುತ್ತದೆ ಎಂದ. ಇಂಜಿನ್ನಿನಲ್ಲೇನೂ ದೋಷ ಕಾಣುತ್ತಿಲ್ಲ, ಇಷ್ಟು ಚೊಕ್ಕಟವಾಗಿಟ್ಟವರು ಇದನ್ನು ಗುಜರಿಗೆ ಯಾಕೆ ಹಾಕಿದರು ಎಂದೂ ಕೇಳಿದ.

ಅವಳು ಗಂಡನಿಗೆ ಮಾತು ಕೊಟ್ಟಿದ್ದಳಲ್ಲ. ಕೊಟ್ಟದ್ದು ಗಂಡನ ಇಂಜಿನ್ನು ಮುಟ್ಟುವುದಿಲ್ಲವೆಂದು. ಇದು ಈಗ ಡ್ರೈವರಿನ ಇಂಜಿನ್ನು.

"ಅಣ್ಣ, ಆ ಮುಚ್ಚಳ ಇಲ್ಲಿ ಕೊಡಿ," ಎಂದಳು. ಬ್ಯಾಗಿನ ಪಟ್ಟಿಗೆ ಯಾವಾಗಲೂ ಚುಚ್ಚಿಕೊಂಡಿರುವ ಮಿಷನ್ ಸೂಜಿಯನ್ನು ಎಳೆದು, ಬಣ್ಣದ ಮೇಲೆ ಒಂದು ಕಡೆ ಒತ್ತಿದಳು. ಬಣ್ಣದ ಸಣ್ಣ ಚೂರು ಹಾರಿಬಿತ್ತು. ಮುಚ್ಚಳ ಹಾಕಿ ಹಗ್ಗ ಎಳೆದಳು. ಆರು ನಿಮಿಷ ಆಯಿತು, ಅರ್ಧ ಗಂಟೆ ಆಯಿತು, ಇಂಜಿನ್ನು ಓಡುತ್ತಲೇ ಇತ್ತು. ಆ ಅರ್ಧ ಗಂಟೆಯಲ್ಲಿ ಅವಳು ಎಂಟು ವರ್ಷದ್ದನ್ನೆಲ್ಲ ಅವನಿಗೆ ಹೇಳಿಕೊಟ್ಟಳು. ಎಣ್ಣೆ ಎಷ್ಟು, ಪ್ಲಗ್ಗಿನ ಸಂದು ಎಷ್ಟು, ಬ್ಯಾಟರಿ ಸಿಕ್ಕಿಸಿ ಆಮೇಲೆ ಇಂಜಿನ್ ಎಬ್ಬಿಸಬೇಕು, ಇಂಜಿನ್ ನಿಂತ ಮೇಲೆಯೇ ಬ್ಯಾಟರಿ ಬಿಡಿಸಬೇಕು. ಡ್ರೈವರ್ ನಡುವೆ ಒಂದೇ ಒಂದು ಪ್ರಶ್ನೆ ಕೇಳಿದ.

"ಇದನ್ನ ಮಾಡಿದ್ದು ಯಾರಕ್ಕ?"

"ನಾನು."

"ಗೊತ್ತಾಯ್ತು," ಎಂದ ಅವನು. ಹೀಗೆ ತಾನೇ ಹೇಳಿಕೊಳ್ಳುವುದು ಬೇಡವೆಂದಿದ್ದವಳಿಗೆ ಆ ಎರಡಕ್ಷರ ಬಾಯಿಂದ ಹೊರಬಿದ್ದಾಗ ಒಳಗೆ ಏನೋ ಸಡಿಲವಾಯಿತು. ಹಾಗೆಂದು ಆಸೆ ತೀರಲಿಲ್ಲ.

ಕೆರೆ ಸುತ್ತಿ ಬಂದವರು ಸದ್ದು ಕೇಳಿ ಓಡಿಬಂದರು. ಮ್ಯಾನೇಜರ್ ಡ್ರೈವರಿನ ಬೆನ್ನು ತಟ್ಟಿ, ಇದೇನಪ್ಪ ಮಾಡಿದೆ ಎಂದರು. ಅಲ್ಲ ಸಾರ್, ಇದು ಅಕ್ಕ, ಎಂದು ಅವನು ಶುರುಮಾಡಿದ. ಸಾಹೇಬರು ಮುಗಿಸಲು ಬಿಡಲಿಲ್ಲ.

"ನಿನ್ನೆ ನಾನು ಎಲ್ಲಾ ಸರಿಮಾಡೇ ಇಟ್ಟಿದ್ದೆ ಸಾರ್. ಅದು ತಣ್ಣಗಾಗಬೇಕಿತ್ತು, ಅಷ್ಟೇ."

ಡ್ರೈವರ್ ಅವಳ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಹೇಳುವುದು ಅವಳಿಗೆ ಬೇಕಿರಲಿಲ್ಲ. ಹೇಳಬೇಕಾದವರು ಅಲ್ಲೇ ನಿಂತು, ತಣ್ಣಗಾಗುವುದರಿಂದ ಇಂಜಿನ್ನುಗಳಿಗೆ ಆಗುವ ಲಾಭಗಳನ್ನು ಎಲ್ಲರಿಗೂ ವಿವರಿಸುತ್ತಿದ್ದರು. ಆ ಸಂಜೆ ನಾಲ್ಕು ಟೆಂಟಿಗೂ ದೀಪ ಹೊತ್ತಿತು. ತನ್ನ ಇಂಜಿನ್ನಿನ ಬೆಳಕನ್ನು ಕೆರೆ ದಂಡೆಯಲ್ಲಿ ಅವಳು ನೋಡಿದ್ದು ಅದೇ ಮೊದಲು. ಚೆನ್ನಾಗಿತ್ತು. ನೀರಿನ ಮೇಲೂ ನಾಲ್ಕು ದೀಪ ಕಾಣುತ್ತಿತ್ತು. ಗಂಡ ಎರಡು ಸಲ ಗಂಟಲು ಸರಿಮಾಡಿಕೊಂಡರು, ಎರಡು ಸಲವೂ ಇನ್ನೊಂದು ಲೋಟ ಟೀ ಕೇಳಿದರು.

ಮೂರನೇ ದಿನ ಹೊರಡುವಾಗ ಡ್ರೈವರ್ ಹಲಗೆಯನ್ನು ತನ್ನ ಸೀಟಿನ ಪಕ್ಕ ಇಟ್ಟುಕೊಂಡು ಹಗ್ಗ ಬಿಗಿದ. ಆಗ ಸಾಹೇಬರಿಗೆ ಚುರುಕು ಮುಟ್ಟಿತು. ಓಡುವ ಇಂಜಿನ್ನನ್ನು ಯಾರಾದರೂ ದಾನ ಮಾಡುತ್ತಾರೆಯೇ? ಕೊಟ್ಟೆ ಎಂದು ಹೇಳಿಯಾಗಿದೆ, ವಾಪಸ್ ಕೇಳಿದರೆ ಮರ್ಯಾದೆ ಏನಾಗಬೇಕು? ವ್ಯಾನು ಮುಖ್ಯರಸ್ತೆ ಹಿಡಿದ ಮೇಲೆ ಹೆಂಡತಿಯ ಕಿವಿಯ ಹತ್ತಿರ ಬಾಗಿದರು.

"ನಾನು ಕೊಟ್ಟಿದ್ದು ಕೆಟ್ಟೋಗಿದೆ ಅಂತ. ನೀನೇ ಒಂದು ಮಾತು ಹೇಳಿ ಇಸ್ಕೋ."

"ನೀವೇ ಕೇಳಿ. ಕೊಡ್ತಾನೆ."

"ಏನಂತ ಕೇಳ್ಲಿ?"

"ಇದು ನನ್ನ ಹೆಂಡತಿ ಮಾಡಿದ್ದು, ಕೊಡೋ ಹಕ್ಕು ನನಗಿರ್ಲಿಲ್ಲ, ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ. ಆ ಕ್ಷಣಾನೇ ಕೊಡ್ತಾನೆ."

ಸಾಹೇಬರು ಕಿಟಕಿಯ ಆಚೆ ನೋಡತೊಡಗಿದರು. ಅವಳಿಗೆ ಆ ಇಂಜಿನ್ನು ಬೇಕಿತ್ತು, ತುಂಬಾ ಬೇಕಿತ್ತು. ಕಣ್ಣು ಮುಚ್ಚಿದರೆ ಬಾಲ್ಕನಿಯ ಮೂಲೆ ಖಾಲಿಯಾಗಿ ಕಾಣುತ್ತಿತ್ತು. ಒಂದು ಮಾತಿಗೆ ಅವಳು ಅದನ್ನು ಪಣಕ್ಕಿಟ್ಟುಬಿಟ್ಟಿದ್ದಳು. ಇನ್ನೂ ಎರಡು ಗಂಟೆಯ ದಾರಿಯಿದೆ, ಹೇಳಿಯಾರು ಎಂದುಕೊಂಡಳು.

ಊರು ಬಂತು. ಮೊದಲು ಸ್ಟೋರ್ ಕೀಪರನ ಮನೆ. ಗಂಡ ಹೆಂಡತಿ ಇಳಿದರು. ಸಾಹೇಬರು ಅವರ ಚಾಪೆ ಸುರುಳಿ ಎತ್ತಿಕೊಟ್ಟರು. ಆಮೇಲೆ ಟೈಪಿಸ್ಟನ ಓಣಿ. ಅವರೂ ಇಳಿದರು. ಸಾಹೇಬರು ಕೈ ಬೀಸಿದರು. ಮೂರನೆಯದು ಮ್ಯಾನೇಜರ ಮನೆ. ಅವರ ಸಾಮಾನು ಹೆಚ್ಚು, ಒಂದೊಂದಾಗಿ ಇಳಿಸುವುದು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆ ಮಾತನ್ನು ಇಪ್ಪತ್ತು ಸಲ ಹೇಳಬಹುದಿತ್ತು, ನಡುವೆ ಕೆಮ್ಮಬಹುದಿತ್ತು. ಮ್ಯಾನೇಜರ್ ಕಿಟಕಿಯ ಹತ್ತಿರ ಬಂದು, ಮುಂದಿನ ವರ್ಷವೂ ಕರೆಂಟ್ ನಿಮ್ಮದೇ ಎಂದರು. ಸಾಹೇಬರು ನಕ್ಕು ಕೈಮುಗಿದರು. ಗೇಟು ಮುಚ್ಚಿದ ಸದ್ದಾಯಿತು.

ವ್ಯಾನು ಮುಂದಿನ ತಿರುವು ದಾಟಿತು. ಹಿಂದಿನ ಸೀಟುಗಳೆಲ್ಲ ಖಾಲಿಯಾಗಿವೆಯೆಂದು ಸಾಹೇಬರು ಒಮ್ಮೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು.

"ಡ್ರೈವರೇ, ನೋಡಪ್ಪ," ಎಂದರು ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ, "ಇದು ನನ್ನ ಹೆಂಡತಿ ಮಾಡಿದ್ದು. ಕೊಡೋ ಹಕ್ಕು ನನಗಿರ್ಲಿಲ್ಲ." ಹೇಳಿ ಮುಗಿಸಿ, ಭಾರೀ ಕೆಲಸ ಮಾಡಿದವರಂತೆ ಹೆಂಡತಿಯ ಕಡೆ ನೋಡಿದರು.

ಡ್ರೈವರ್ ಅವರ ಮನೆಯ ಮುಂದೆ ವ್ಯಾನ್ ನಿಲ್ಲಿಸಿ, ಇಳಿದು, ಹಲಗೆಯ ಹಗ್ಗ ಬಿಚ್ಚತೊಡಗಿದ. ಅವಳು ಬಂದು ಹಲಗೆಯ ಮೇಲೆ ಕೈಯಿಟ್ಟಳು.

"ಇಳಿಸಬೇಡಿ ಅಣ್ಣ. ತಂಗಿ ಅಂಗಡಿಗೆ ತಗೊಂಡು ಹೋಗಿ."

"ಸಾರ್ ಹೇಳಿದ್ರಲ್ಲಕ್ಕ."

"ಹೇಳಿದ್ರು. ಕೇಳಿಸ್ಕೊಂಡಿದ್ದು ನೀವೊಬ್ರೇ. ನಿಮಗೆ ಮೊದಲೇ ಗೊತ್ತಿತ್ತು."

ತಿಂಗಳಿಗೊಮ್ಮೆ ಸ್ಪಂಜು ತೊಳೆಯುವುದನ್ನು ಮರೆಯಬೇಡಿ ಎಂದು ಇನ್ನೊಮ್ಮೆ ಹೇಳಿದಳು. ವ್ಯಾನು ಹೊರಟಿತು. ಅದು ಓಣಿ ದಾಟುವವರೆಗೆ ಗೇಟಿನ ಬಳಿ ನಿಂತಿದ್ದಳು. ಅಳು ಬಂತು, ಅತ್ತಳು. ಅದು ಇಂಜಿನ್ನಿಗೋಸ್ಕರ. ಗಂಡನಿಗೋಸ್ಕರ ಅಳುವಷ್ಟು ಆ ಹೊತ್ತಿಗೆ ಏನೂ ಉಳಿದಿರಲಿಲ್ಲ.

ಸಾಹೇಬರು ಎರಡು ಚೀಲ ಹೊತ್ತು ಅವಳ ಹಿಂದೆ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಗೆ ಬಂದರು. ಅಲ್ಲಿ ಉಸಿರು ತಗೊಂಡು, ಅಷ್ಟು ಹೊತ್ತು ಯೋಚಿಸಿದ್ದನ್ನು ಕೇಳಿದರು.

"ಹಾಗಾದ್ರೆ ಮುಂದಿನ ವರ್ಷ ದೀಪಕ್ಕೆ ಏನು ಮಾಡೋದು?"

ಅವಳು ಮುಖ ಒರೆಸಿಕೊಂಡು, ಎರಡು ಮೆಟ್ಟಿಲು ಮೇಲೆ ನಿಂತು ತಿರುಗಿದಳು.

"ಆ ಡ್ರೈವರ್‌ನೇ ಕರ್ಕೊಂಡು ಹೋಗಿ. ಇಂಜಿನ್ ಅವನೇ ತರ್ತಾನೆ, ಅವನೇ ಓಡಿಸ್ತಾನೆ. ಇದನ್ನ ಮಾಡಿದ್ದು ಯಾರು ಅಂತ ಮ್ಯಾನೇಜರ್ ಕೇಳಿದ್ರೆ ಅದನ್ನೂ ಅವನೇ ಹೇಳ್ತಾನೆ. ಅವನಿಗೆ ಅದಕ್ಕೆ ವ್ಯಾನ್ ಖಾಲಿ ಆಗಬೇಕಾಗಿಲ್ಲ."